ಮಗಳ ತಲೆಯ ಮೇಲಿನ ಆಣೆ

ಶಿಬಿರಕ್ಕೆ ಬಂದವನ ಮಾತನ್ನು ಮೊದಲ ದಿನ ನಾನು ನಂಬುವುದಿಲ್ಲ. ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಡುತ್ತೇನೆ. ಎಷ್ಟು ಕುಡಿಯುತ್ತಿದ್ದ, ಕೊನೆಯ ಸಲ ಕುಡಿದು ಎಷ್ಟು ಹೊತ್ತಾಯಿತು ಅನ್ನುವುದನ್ನು ಆ ಹಾಳೆಯ ನಡುಕ ಅವನ ಬಾಯಿಗಿಂತ ಚೆನ್ನಾಗಿ ಹೇಳುತ್ತದೆ. ದೊಡ್ಡೇರಿ ಹೋಬಳಿಯ ಒಂದು ಸಮುದಾಯ ಭವನದಲ್ಲಿ ಆ ಸಲ ನಡೆದ ಶಿಬಿರದಲ್ಲಿ ಹಾಳೆ ಜಾರಿ ನೆಲಕ್ಕೆ ಬಿದ್ದದ್ದು ಒಬ್ಬನದು ಮಾತ್ರ. ಅವನು ಸೆಂಟ್ರಿಂಗ್ ಕೆಲಸದವನು, ತಾರಸಿಗೆ ಕಾಂಕ್ರೀಟ್ ಹಾಕುವ ಮುಂಚೆ ಕಂಬ ಹಲಗೆ ಕಟ್ಟುವವನು.

"ಫ್ಯಾನ್ ಗಾಳಿ ಮೇಡಂ, ಅದ್ಕೇ ಬಿತ್ತು" ಅಂದ.

ಭವನದಲ್ಲಿ ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ.

ನಾನು ಕುಡಿತ ಬಿಡಿಸುವ ಒಂದು ಸಂಸ್ಥೆಯಲ್ಲಿ ಆಪ್ತ ಸಮಾಲೋಚಕಿ. ಕಚೇರಿ ಮಧುಗಿರಿಯಲ್ಲಿ. ಅಲ್ಲಿಂದ ಶಿರಾ, ಕೊರಟಗೆರೆ, ಪಾವಗಡ ಅಂತ ಬಸ್ಸಿನಲ್ಲಿ ಅಲೆಯುವುದೇ ನನ್ನ ಕೆಲಸದ ಮುಕ್ಕಾಲು ಪಾಲು. ನಾಲಿಗೆ ಸ್ವಲ್ಪ ಹರಿತ ಅಂತ ನನ್ನ ಮೇಲೆ ದೂರು ಇದೆ, ಅದೇನೂ ಸುಳ್ಳಲ್ಲ. ಕುಡಿದು ಬಂದವನಿಗೆ "ಅಣ್ಣಾ, ಅಪ್ಪಾ" ಅಂತ ನೀವಿ ಮಾತಾಡುವುದು ನನ್ನಿಂದ ಆಗುವುದಿಲ್ಲ. ಇವನಿಗೂ ಹೇಳಿದೆ, "ಫ್ಯಾನು ತಿರುಗ್ತಾ ಇದ್ಯಾ ನೋಡಪ್ಪ ಮೊದಲು, ಆಮೇಲೆ ಸುಳ್ಳು ಹೇಳುವಿಯಂತೆ." ಅವನು ತಲೆ ಎತ್ತಿ ನೋಡಿ ನಕ್ಕುಬಿಟ್ಟ. ಆ ನಗು ನನಗೆ ಹಿಡಿಸಿತು.

ಕುಡಿತ ಥಟ್ಟನೆ ನಿಂತ ಮೈಗೆ ಮೊದಲ ಕೆಲವು ದಿನ ನರಕ. ತುಮಕೂರಿನಿಂದ ಬರುವ ಮನೋವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ದಿನ ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಆತುರಪಟ್ಟರೆ ಫಿಟ್ಸ್ ಬರುತ್ತದೆ. ವಿಟಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಈ ಕ್ರಮ ಹಿಂದುಮುಂದಾದರೆ ಮೆದುಳಿಗೇ ಅಪಾಯ. ಸೆಂಟ್ರಿಂಗಿನವನಿಗೆ ಗೋಡೆಯ ಮೇಲೆ ಇರುವೆ ಸಾಲು ಕಾಣಲು ಶುರುವಾಯಿತು. ಇಲ್ಲದ ಇರುವೆಯನ್ನು ಟವೆಲ್ಲಿನಿಂದ ಒರೆಸುತ್ತಲೇ ಇದ್ದ. ಅವನನ್ನು ತುಮಕೂರಿಗೆ ಸಾಗಿಸುವುದೇ ಸರಿಯೇನೋ ಅಂತ ಡಾಕ್ಟರಿಗೆ ಫೋನ್ ಮಾಡುವಷ್ಟರಲ್ಲಿ ಬೆವರುವುದು ನಿಂತಿತು, ನಾಡಿ ತಹಬಂದಿಗೆ ಬಂತು, ಒಂದು ಲೋಟ ರಾಗಿ ಗಂಜಿ ಕುಡಿದು ಮಲಗಿದ. ಎದ್ದಾಗ ಹಾಳೆ ಬೆರಳ ಮೇಲೆ ನಿಂತಿತು. ಅವನಿಗಿಂತ ನನಗೇ ಹೆಚ್ಚು ಖುಷಿಯಾಗಿತ್ತು.

ಅರ್ಧ ಶಿಬಿರ ಕಳೆಯುವವರೆಗೆ ಮನೆಯವರನ್ನು ಒಳಗೆ ಬಿಡುವುದಿಲ್ಲ. ಆಮೇಲೆ ಒಂದು ದಿನ ಕುಟುಂಬದ ದಿನ ಅಂತ ಮಾಡುತ್ತೇವೆ, ಹೆಂಡತಿ ಮಕ್ಕಳೆಲ್ಲ ಬರುತ್ತಾರೆ. ಇವನ ಹೆಂಡತಿ ಪಾವಗಡ ಕಡೆಯವಳು, ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿ. ಉಗುರಿನ ಸಂದಿಯೆಲ್ಲ ಕಂದು. ಜೊತೆಗೆ ಮೂರನೇ ಕ್ಲಾಸಿನ ಮಗಳು. ರಜೆ ದಿನವಾದರೂ ಸ್ಕೂಲ್ ಯೂನಿಫಾರ್ಮ್ ಹಾಕಿಕೊಂಡು ಬಂದಿದ್ದಳು, ಹರಿಯದ ಬಟ್ಟೆ ಅಂತ ಇದ್ದದ್ದು ಅದೇ. ಬೇರೆ ಮಕ್ಕಳು ಅಪ್ಪನ ಕಡೆ ಓಡಿದರೆ ಇವಳು ನಿಧಾನ ಹೋಗಿ ಅವನ ಅಂಗಿಯ ಹತ್ತಿರ ಮೂಗು ತಂದಳು. ಒಂದು ಗಳಿಗೆ ನಿಂತು, ಆಮೇಲೆ ತೊಡೆ ಮೇಲೆ ಕೂತಳು.

ದೊಡ್ಡವರು ಒಳಗೆ ಮಾತಾಡುವಾಗ ಮಕ್ಕಳು ಭವನದ ಹಿಂದೆ ಮನೆ ಆಟ ಆಡುತ್ತಿದ್ದರು. ನೀರು ಕುಡಿಯಲು ಅತ್ತ ಹೋದವಳು ಕಂಬದ ಮರೆಯಲ್ಲಿ ನಿಂತು ನೋಡಿದೆ. ಅಪ್ಪನ ಪಾತ್ರದ ಹುಡುಗ ನೆಲದ ಮೇಲೆ ಅಂಗಾತ ಬಿದ್ದಿದ್ದ. ಅಮ್ಮನಾದವಳು ಸೊಂಟಕ್ಕೆ ಕೈ ಕೊಟ್ಟು ಬಯ್ಯುತ್ತಿದ್ದಳು. ನಮ್ಮ ಹುಡುಗಿ ಮಾತ್ರ ಆಟದಲ್ಲಿ ಇರಲಿಲ್ಲ, ಆಟ ಆಡಿಸುತ್ತಿದ್ದಳು.

"ಅಂಗಲ್ಲ ಕಣ್ಲಾ, ಮಗ್ಗುಲಿಗೆ ತಿರುಗ್ಕಂಡು ಬೀಳು. ಇಲ್ಲಾಂದ್ರೆ ವಾಂತಿ ಗಂಟ್ಲಾಗೆ ಸಿಕ್ಕಂತೈತೆ. ಲೇ, ನೀನು ಮೊದ್ಲು ಕದ ಹಾಕು, ಆಮ್ಯಾಕೆ ಬೈಯಿ. ಯಾರಾನ ಬಂದು ಕೇಳಿದ್ರೆ ಅಪ್ಪುಂಗೆ ಜ್ವರ ಅನ್ನು."

ಮಕ್ಕಳು ಇಲ್ಲದ ಕದ ಹಾಕಿದರು. ಒಬ್ಬಳು ಬಂದು ಕೇಳಿದಳು, "ಜ್ವರ" ಅಂದರು, ಅವಳು ಹೋದಳು. ಆಟ ಮುಗಿಯಿತು. ಇದೊಂದೇ ಆಟ ಅವರಿಗೆ ಗೊತ್ತಿದ್ದದ್ದೋ ಏನೋ, ಪಾತ್ರ ಬದಲಾಯಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ಅವಳು ಹೇಳಿಕೊಡುತ್ತಿದ್ದ ಪಾಠ ಏನು ಅನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ. ಜಾಣೆ ಹುಡುಗಿ ಅಂದುಕೊಂಡು ಒಳಗೆ ಬಂದೆ.

ಕೊನೆಯ ದಿನ ದೀಪದ ಮುಂದೆ ಸಂಕಲ್ಪ. ಒಬ್ಬೊಬ್ಬರಾಗಿ ಬಂದು ಇನ್ನು ಮುಟ್ಟುವುದಿಲ್ಲ ಅಂತ ಹೇಳಬೇಕು, ಅಷ್ಟೇ. ಮಕ್ಕಳ ತಲೆ ಮುಟ್ಟಿ ಆಣೆ ಇಡಿಸಬಾರದು ಅಂತ ನಮ್ಮಲ್ಲಿ ನಿಯಮವೇ ಇದೆ. ತಲೆ ಮುಟ್ಟಿ ಇಟ್ಟ ಆಣೆ ತಪ್ಪಿದರೆ, ತಪ್ಪಿದವನಿಗಲ್ಲ, ಆ ತಲೆಗೇ ಕೇಡು ಅಂತ ನಮ್ಮ ಕಡೆ ನಂಬುತ್ತಾರೆ. ಸೆಂಟ್ರಿಂಗಿನವನ ಸರದಿ ಬಂದಾಗ ಹೆಂಡತಿ ಮಗಳ ಕೈ ಹಿಡಿದುಕೊಂಡು ಎದ್ದು ಬಂದಳು.

"ದೇವ್ರ ಮುಂದೆ ಎಷ್ಟ್ ಸಲ ಇಟ್ಟವ್ನೆ ಮೇಡಂ. ದೀಪದ ಮುಂದೆ ನಂಗೆ ಬ್ಯಾಡ. ನಾ ಬಿಡ್ಡ, ನನ್ ಮಗೀನ ತಲೆ ಮ್ಯಾಲೆ ಕೈ ಇಟ್ಟು ಹೇಳ್ಲಿ, ಅವಾಗ ನಂಬ್ತೀನಿ."

ಬೇಡ ಅನ್ನಲು ನಾನು ಎದ್ದೆ. ಅಷ್ಟರಲ್ಲಿ ಅವನ ಮುಖ ನೋಡಿದೆ. ಇಷ್ಟು ದಿನ ತಮಾಷೆಯಲ್ಲೇ ಎಲ್ಲ ತೇಲಿಸಿದ್ದವನು ಅಳುತ್ತಿದ್ದ. ಇಂಥ ಗಳಿಗೆ ಒಂದು ಶಿಬಿರದಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ, ಕೆಡಿಸಬಾರದು ಅನಿಸಿತು. ಕೂತುಬಿಟ್ಟೆ. ಅವನು ಬಲಗೈ ಮಗಳ ನೆತ್ತಿಯ ಮೇಲಿಟ್ಟು, "ಇನ್ ಮುಟ್ಟಲ್ಲ. ಮುಟ್ಟಿದ್ರೆ ನನ್ ಮಗಳಾಣೆ" ಅಂದ. ಭವನಕ್ಕೆ ಭವನವೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಹುಡುಗಿ ಕಣ್ಣು ಮಿಟುಕಿಸದೆ ನೆಟ್ಟಗೆ ನಿಂತಿದ್ದಳು.

ಶಿಬಿರ ಮುಗಿದ ಮೇಲೇ ನಿಜವಾದ ಕೆಲಸ. ಮನೆಗೆ ಹೋಗಬೇಕು, ಮಾತ್ರೆ ನುಂಗುತ್ತಿದ್ದಾನಾ ನೋಡಬೇಕು, ಮತ್ತೆ ಶುರುವಾಗಿದ್ದರೆ ಮೊದಲ ವಾರದಲ್ಲೇ ಹಿಡಿಯಬೇಕು. ಬೇಗ ಸಿಕ್ಕರೆ ಮಾತ್ರೆ ಬದಲಾಯಿಸಿ, ಎಳೆದು ದಾರಿಗೆ ತರಬಹುದು. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಮೊದಲಿಗಿಂತ ಕಷ್ಟ. ಮುಚ್ಚಿಟ್ಟದ್ದನ್ನು ಹಿಡಿಯಲು ನನ್ನದೇ ಒಂದು ವಿಧಾನವಿತ್ತು. ಗಂಡ ಚಟಕ್ಕೆ ಸುಳ್ಳು ಹೇಳುತ್ತಾನೆ, ಹೆಂಡತಿ ಮರ್ಯಾದೆಗೆ ಸುಳ್ಳು ಹೇಳುತ್ತಾಳೆ. ಹಾಗಾಗಿ ನಾನು ಕೇಳುತ್ತಿದ್ದದ್ದು ಮಕ್ಕಳನ್ನು. ಅಂಗಡಿವರೆಗೆ ಕರೆದುಕೊಂಡು ಹೋಗಿ ಒಂದು ಬಿಸ್ಕತ್ತು ಕೊಡಿಸಿ, "ಅಪ್ಪ ಹೆಂಗಿದ್ದಾರೆ ಪುಟ್ಟ?" ಅಂದರೆ ಸಾಕು, ಎಲ್ಲ ಹೊರಗೆ ಬರುತ್ತಿತ್ತು. ಹೊಸ ಕಾರ್ಯಕರ್ತರಿಗೂ ಇದನ್ನೇ ಹೇಳಿಕೊಟ್ಟು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಈ ಹುಡುಗಿಯನ್ನೂ ಪ್ರತಿ ಭೇಟಿಯಲ್ಲಿ ಕೇಳಿದೆ. ಪ್ರತಿ ಸಲವೂ ಅವಳು ಬಿಸ್ಕತ್ತಿನಿಂದ ಕಣ್ಣು ತೆಗೆದು ನನ್ನನ್ನೇ ನೋಡಿ, "ಅಪ್ಪ ಕುಡಿಯಲ್ಲ ಮೇಡಂ" ಅನ್ನುತ್ತಿದ್ದಳು. ನಾನು ನಂಬಿದೆ. ನಂಬಲು ಕಾರಣವೂ ಇತ್ತು. ಮನೆಗೆ ಹೊಸ ಬಾಗಿಲು ಬಂದಿತ್ತು, ಅವನು ಬೆಳಗ್ಗೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತಿದ್ದ, ಹೆಂಡತಿಯ ತೋಳಿನ ಮೇಲೆ ಹೊಸ ಗಾಯ ಇರಲಿಲ್ಲ. ಕೊರಟಗೆರೆಯಲ್ಲಿ ನಡೆದ ಸಭೆಗೆ ಅವನನ್ನು ಕರೆಸಿ ನಾಲ್ಕು ಮಾತು ಆಡಿಸಿದೆ. ಮೈಕ್ ಹಿಡಿದ ಕೈ ನಡುಗುತ್ತಿತ್ತು. ವೇದಿಕೆ ಅಭ್ಯಾಸವಿಲ್ಲ, ಪಾಪ ಅಂದುಕೊಂಡೆ. ಹಾಳೆ ಇಟ್ಟು ನೋಡುವವಳು ನಾನು, ಅವತ್ತು ಆ ನಡುಕ ಕಂಡೂ ಕಾಣಲಿಲ್ಲ.

ಒಂದು ದಿನ ಶಾಲೆಯ ಟೀಚರ್ ಫೋನ್ ಮಾಡಿದರು. ಹುಡುಗಿಗೆ ದಿನಾ ತಲೆನೋವು, ಬಿಸಿಯೂಟ ಮಾಡುವುದಿಲ್ಲ, ಆಟಕ್ಕೆ ಬರುವುದಿಲ್ಲ. "ತಲೆ ಬಾಚೋಕೂ ಬಿಡಲ್ಲ ಮೇಡಂ. ಮೊನ್ನೆ ಪಕ್ಕದಲ್ಲಿ ಆಡ್ತಿದ್ದೋರ ಚೆಂಡು ತಲೆಗೆ ತಗಲ್ತು. ಜೋರಾಗೇನೂ ಅಲ್ಲ. ಅಳ್ಲಿಲ್ಲ, ಏನಿಲ್ಲ, ಬ್ಯಾಗ್ ತಗೊಂಡು ಬಂದು ನನ್ನ ಮುಂದೆ ನಿಂತು, ಮನೆಗೆ ಹೋಗ್ತೀನಿ, ಅಮ್ಮನ್ನ ನೋಡ್ಬೇಕು ಅಂದ್ಳು." ಜೊತೆಗೆ ಇನ್ನೊಂದು ಮಾತು ಹೇಳಿದರು. ತರಗತಿಯಲ್ಲಿ ಅವಳಿಗೆ ಗೆಳತಿಯರೇ ಇಲ್ಲ. ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಮನೆಗೆ ಕರೆಯುವುದಿಲ್ಲ. ಯಾರಾದರೂ ಬರುತ್ತೇವೆ ಅಂದರೆ ಮನೆಯಲ್ಲಿ ಜ್ವರ ಅನ್ನುತ್ತಾಳೆ.

ಕಣ್ಣಿನ ತೊಂದರೆ ಇರಬೇಕು ಅಂತ ನಾನೇ ತೀರ್ಮಾನಿಸಿಬಿಟ್ಟೆ. ಮಧುಗಿರಿ ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಜಂತುಹುಳದ ಮಾತ್ರೆ ಕೊಟ್ಟರು. ಆಮೇಲೆ ಪರಿಚಯದವರ ಕನ್ನಡಕದ ಅಂಗಡಿಯೊಂದಿದೆ ಅಂತ ಶಿರಾಕ್ಕೆ ಕರೆದುಕೊಂಡು ಹೋದೆ. ತಾಯಿಗೆ ಕೂಲಿ ತಪ್ಪಿಸುವ ಹಾಗಿರಲಿಲ್ಲ, ನಾವಿಬ್ಬರೇ. ಅಂಗಡಿಯ ಸಾಹೇಬರು ಒಂದಾದ ಮೇಲೊಂದು ಗಾಜು ಇಟ್ಟು ಓದಿಸಿ, ಕೊನೆಗೆ ಎಲ್ಲ ತೆಗೆದು ಬರಿಗಣ್ಣಲ್ಲಿ ಓದಿಸಿದರು. ಕೊನೆಯ ಸಾಲಿನ ಸಣ್ಣ ಅಕ್ಷರದವರೆಗೂ ಓದಿದಳು.

"ಬಿಲ್ಕುಲ್ ಸರಿ ಐತೆ ಬೇಟಿ ನಿನ್ ಕಣ್ಣು" ಅಂದರು. "ಇವಳಿಗೆ ಕನ್ನಡಕ ಮಾರಿದ್ರೆ ನಂಗೆ ಪಾಪ ಬರುತ್ತೆ ಮೇಡಂ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿ ಪಕ್ಕ ಕೂರಿಸಿದೆ. ಊರು ದಾಟಿ ಹುಣಸೆ ಮರಗಳು ಶುರುವಾದ ಮೇಲೆ ಹುಡುಗಿ ನನ್ನ ಕಡೆ ತಿರುಗದೆ ಕೇಳಿದಳು.

"ಮೇಡಂ, ತಲೆ ನೋವು ಬಂದು ಸಾಯಕ್ಕೆ ಇನ್ನೂ ಎಷ್ಟು ದಿವ್ಸ ಆಯ್ತೈತೆ?"

"ಯಾರು ಹೇಳಿದ್ದು ಸಾಯ್ತೀಯಾ ಅಂತ?"

"ಯಾರೂ ಹೇಳ್ನಿಲ್ಲ."

"ಮತ್ತೆ?"

ಕಿಟಕಿಯ ಸರಳನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ನಾನು ಮತ್ತೆ ಕೇಳಲಿಲ್ಲ, ಅಷ್ಟು ಬುದ್ಧಿ ಮಾತ್ರ ಇತ್ತು. ಬಡವನಹಳ್ಳಿ ಹತ್ತಿರ ಬಂದಾಗ ತಾನೇ ಶುರು ಮಾಡಿದಳು. ಅಪ್ಪ ಆಣೆ ಇಟ್ಟ ಮೇಲೆ ಸ್ವಲ್ಪ ದಿನಕ್ಕೇ ವಾಸನೆ ಬಂತಂತೆ. ಮೊದಲು ಗೊತ್ತಾದದ್ದು ಇವಳಿಗೇ, ಅಪ್ಪ ಬಂದ ಕೂಡಲೆ ಎದುರಿಗೆ ಹೋಗುವವಳು ಇವಳೇ ತಾನೆ. ಅವತ್ತಿನಿಂದ ಹಿತ್ತಿಲ ಸೀಬೆಗಿಡದ ಎಲೆ ಕಿತ್ತು ಬಾಗಿಲಲ್ಲೇ ಅಪ್ಪನ ಕೈಗೆ ಕೊಡುತ್ತಿದ್ದಳು, ಅಗಿಯಲು. ಅವನು ಏನೂ ಕೇಳದೆ ಅಗಿಯುತ್ತಿದ್ದ.

"ಅಮ್ಮುಂಗೆ ಗೊತ್ತಾಗ್ಲಿಲ್ಲ ಅಂದ್ರೆ ಆಣೆ ಮುರುದಂಗಲ್ಲ, ಅಲ್ವಾ ಮೇಡಂ? ನಿಮ್ಗೂ ಹೇಳ್ನಿಲ್ಲ, ಟೀಚರ್‌ಗೂ ಹೇಳ್ನಿಲ್ಲ. ಆದ್ರೂ ತಲೆ ನೋಯ್ತಾನೇ ಐತೆ. ಅದ್ಯಾಕೆ ಅಂತ ಗೊತ್ತಾಗ್ತಿಲ್ಲ."

ಭವನದ ಹಿಂದಿನ ಆ ಆಟ ನನಗೆ ಅರ್ಥವಾದದ್ದು ಅಲ್ಲಿ, ಆ ಬಸ್ಸಿನಲ್ಲಿ. ಕದ ಹಾಕು, ಜ್ವರ ಅನ್ನು. ಹೊರಗಿನವರಿಗೆ ಗೊತ್ತಾಗದಿದ್ದರೆ ಆಗಿಲ್ಲ ಅಂತಲೇ ಲೆಕ್ಕ. ಆ ಮನೆ ಅವಳಿಗೆ ಕಲಿಸಿದ ಮೊದಲ ಪಾಠ ಅದು. ಅದನ್ನು ಅವಳು ನಿಷ್ಠೆಯಿಂದ ಪಾಲಿಸಿದ್ದಳು, ತನ್ನ ಜೀವ ಉಳಿಸಿಕೊಳ್ಳಲು. ನಾನು ಹೋದಾಗಲೆಲ್ಲ ಬಿಸ್ಕತ್ತು ಕೈಲಿಟ್ಟು ಅದೇ ಜೀವ ತಿಂದಿದ್ದೆ.

ಮನೋವೈದ್ಯರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯವರು, ಸಮಾಧಾನದಿಂದ ಕೇಳಿದರು. ತಲೆನೋವಿಗೆ ಭಯವೇ ಕಾರಣ, ಆಣೆಯಿಂದ ಯಾರೂ ಸಾಯುವುದಿಲ್ಲ ಅಂತ ಅವಳಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿ ಅಂದರು. ಜೊತೆಗೆ ತುಮಕೂರಿನ ವಾರ್ಡಿನಲ್ಲಿ ಮುಂದಿನ ವಾರ ಹಾಸಿಗೆ ಖಾಲಿಯಾಗುತ್ತದೆ, ಅವನನ್ನು ತಂದು ಸೇರಿಸಿ ಅಂದರು. ನಾನು ಹುಡುಗಿಯನ್ನು ಶಾಲೆಯ ಜಗಲಿಯ ಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದೆ. ಆಣೆ ಅಂದರೆ ಬರೀ ಮಾತು, ಮಾತಿನಿಂದ ಯಾರಿಗೂ ಏನೂ ಆಗುವುದಿಲ್ಲ, ನಮ್ಮಂಥ ಓದಿದವರು ಯಾರೂ ಅದನ್ನು ನಂಬುವುದಿಲ್ಲ ಅಂತ. ಪೂರ್ತಿ ಕೇಳಿಸಿಕೊಂಡಳು.

"ಮತ್ತೆ ಅವತ್ತು ಯಾಕೆ ಎಲ್ಲಾರೂ ಚಪ್ಪಾಳೆ ತಟ್ಟಿದ್ರಿ?"

ಎಂತೆಂಥ ಕುಡುಕರ ಬಾಯಿ ಮುಚ್ಚಿಸಿದವಳು ಆ ಜಗಲಿಯಲ್ಲಿ ಪೆದ್ದಿಯ ಹಾಗೆ ಕೂತೆ.

ಇಟ್ಟ ಆಣೆಯನ್ನು ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ನಮ್ಮ ಕಡೆ ಇದೆ. ಇಟ್ಟವನೇ ಹೋಗಿ ದೇವರ ಮುಂದೆ ತಪ್ಪು ಒಪ್ಪಿಕೊಂಡು, ಯಾರ ತಲೆ ಮುಟ್ಟಿದ್ದನೋ ಅವರ ತಲೆಗೆ ತೀರ್ಥ ಹಾಕಬೇಕು. ಅದಕ್ಕೆ ಕೊರಟಗೆರೆ ಹತ್ತಿರದ ಸಿದ್ದರಬೆಟ್ಟದ ಗುಹೆಯ ದೇವರೇ ಸರಿ ಅಂತ ಟೀಚರ್ ಹೇಳಿದರು. ಸಂಸ್ಥೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ ಅಂತ ಗೊತ್ತಿತ್ತು, ಹೇಳಲಿಲ್ಲ. ನೇರ ತಾಯಿಯ ಹತ್ತಿರ ಹೋದೆ. ಅವಳು ಊರ ಹೊರಗಿನ ಕಣದಲ್ಲಿ ಹುಣಸೆಹಣ್ಣಿನ ರಾಶಿಯ ಮುಂದೆ ಕೂತಿದ್ದಳು. ಗಂಡ ಮತ್ತೆ ಕುಡಿಯುತ್ತಿದ್ದಾನೆ ಅಂತ ನಿಧಾನಕ್ಕೆ, ತಯಾರಿ ಮಾಡಿಕೊಂಡು ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ನಂಗೇನು ಮೂಗಿಲ್ವಾ ಮೇಡಂ? ಸೀಬೆ ಎಲೆ ವಾಸ್ನೆ ಬಂದ ದಿನಾನೇ ಗೊತ್ತಾಯ್ತು."

"ಮತ್ತೆ ಕೇಳಲಿಲ್ಲ ಯಾಕೆ?"

"ಕೇಳಿದ್ರೆ ಇಲ್ಲ ಅಂತಾನೆ. ಮಗೀನ ತಲೆ ಮ್ಯಾಲೆ ಇನ್ನೊಂದು ಸುಳ್ಳು. ಹೂಂ ಅಂದ್ರೆ ಆಣೆ ಮುರುದಂಗಾತು. ಎಂಗಾದ್ರೂ ಹೊಡ್ತ ಮಗೀಗೇ. ಅದ್ಕೇ ಬಾಯಿ ಮುಚ್ಕಂಡಿವ್ನಿ."

ಮೂರೂ ಜನಕ್ಕೆ ಗೊತ್ತಿತ್ತು. ಒಬ್ಬರಿಗೊಬ್ಬರು ಹೇಳದೆ, ಆ ಮಗುವಿನ ತಲೆ ಉಳಿಸಲು ಎಲ್ಲರೂ ಬಾಯಿ ಹೊಲಿದುಕೊಂಡು ಕೂತಿದ್ದರು. ಒಂದೇ ಕೋಣೆಯ ಮನೆಯಲ್ಲಿ.

ಬೆಟ್ಟದ ವಿಷಯ ಎತ್ತಿದ ಕೂಡಲೆ ಅವಳು ಸುತ್ತಿಗೆ ಕೆಳಗಿಟ್ಟಳು. "ವದ್ದು ಮೇಡಂ. ಬ್ಯಾಡ. ಅದೊಂದೇ ಅವ್ನ ಹಿಡ್ಕಂಡಿರೋದು. ಮುಂಚೆ ಬಿದ್ದು ಬತ್ತಿದ್ದ, ಈಗ ನಡ್ಕಂಡು ಬತ್ತಾನೆ. ಮುಂಚೆ ಹೊಡೀತಿದ್ದ, ಈಗ ಗೋಡೆ ಕಡೆ ತಿರುಗಿ ಮಲಿಕಂತಾನೆ. ಅರ್ಧನಾದ್ರೂ ಐತಲ್ಲ. ಬಿಚ್ಚಿಬುಟ್ರೆ ಎಂಗೆ?"

"ಮಗು ಊಟ ಬಿಟ್ಟಿದೆಯಲ್ಲಮ್ಮ."

"ಉಣ್ತಾಳೆ. ನಾನು ಉಣ್ಣಿಸ್ತೀನಿ."

ಅವನನ್ನು ಕೆಲಸದ ಜಾಗದಲ್ಲೇ ಹಿಡಿದೆ. ಕಟ್ಟುತ್ತಿದ್ದ ಮನೆಯೊಂದರ ಕೆಳಗೆ, ಕಂಬಗಳ ಮಧ್ಯೆ. ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿ, "ಕಮ್ಮಿ ಮಾಡಿವ್ನಿ ಮೇಡಂ" ಅಂದ. "ಮಗೀನ ತಲೆ ನೆನುಸ್ಕಂಡೇ ಕುಡಿತೀನಿ. ಅದ್ಕೇ ಜಾಸ್ತಿ ಒಳಿಕ್ಕೆ ಹೋಗಲ್ಲ." ಮಗಳ ತಲೆನೋವಿನ ವಿಷಯ, ಬಸ್ಸಿನಲ್ಲಿ ಅವಳು ಕೇಳಿದ ಪ್ರಶ್ನೆ ಎರಡನ್ನೂ ಹೇಳಿದೆ. ಅವನು ಕಂಬ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತ. ವಾರ್ಡಿಗೂ ಬರುತ್ತೇನೆ, ಬೆಟ್ಟಕ್ಕೂ ಬರುತ್ತೇನೆ, ಯಾವುದು ಮೊದಲೋ ನೀವೇ ಹೇಳಿ ಅಂದ.

ಯಾವುದು ಮೊದಲು ಅನ್ನುವ ಆ ಒಂದು ವಿಷಯಕ್ಕೆ ಇವತ್ತಿಗೂ ನನಗೆ ನಿದ್ದೆ ಕೆಡುತ್ತದೆ. ವಾರ್ಡು ಮೊದಲು ಅಂದಿದ್ದರೆ, ಆಣೆಯ ಭಯ ಇನ್ನೂ ಇದ್ದವನು ಬಂದು ಸೇರುತ್ತಿದ್ದ. ಮೈಯಿಂದ ಹೆಂಡ ಇಳಿದ ಮೇಲೆ ಬೆಟ್ಟಕ್ಕೆ ಕರೆದುಕೊಂಡು ಹೋಗಬಹುದಿತ್ತು. ಕ್ರಮ ಅಂದರೆ ಅದೇ ಕ್ರಮ, ಡಾಕ್ಟರು ಹೇಳಿದ್ದೂ ವಾರ್ಡಿಗೆ ಸೇರಿಸಿ ಅಂತಲೇ. ಆದರೆ ಹಾಸಿಗೆ ಸಿಗಲು ವಾರ ಕಾಯಬೇಕಿತ್ತು, ವಾರ್ಡಿನಲ್ಲಿ ಇನ್ನೆಷ್ಟು ದಿನವೋ. ಅಷ್ಟು ದಿನ ಆ ಮಗು ಸಾವನ್ನು ಎಣಿಸುತ್ತಾ ಕೂರಬೇಕಾಗಿತ್ತು. ನನ್ನಿಂದ ಆಗಲಿಲ್ಲ. ಬೆಟ್ಟ ಮೊದಲು ಅಂದೆ.

ತಾಯಿ ಕೊನೆಗೆ ಬಂದಳು, ಆದರೆ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ಬೆಳಗಿನ ಬಸ್ಸಿಗೆ ಕೊರಟಗೆರೆ, ಅಲ್ಲಿಂದ ಆಟೋ. ಬೆಂಗಳೂರಿನಿಂದ ಬೆಟ್ಟ ಹತ್ತಲು ಬಂದ ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಾ ಮೆಟ್ಟಿಲು ತುಂಬಿಕೊಂಡಿದ್ದರು. ಹುಡುಗಿ ಒಂದು ಕೈ ತಲೆಯ ಮೇಲೆ ಇಟ್ಟುಕೊಂಡೇ ಹತ್ತಿದಳು. ಬಿಸಿಲಿಗೆ ಅಂತ ನೋಡಿದವರು ತಿಳಿದಿರಬೇಕು.

ಗುಹೆಯೊಳಗೆ ತಂಪು. ಪೂಜಾರಿಗಳಿಗೆ ವಿಷಯ ಹೇಳಿದೆ. ಅವರಿಗೆ ಇದೇನೂ ಹೊಸದಲ್ಲ. ಅವನನ್ನು ಮುಂದೆ ನಿಲ್ಲಿಸಿ ಕೇಳಿದರು, "ಇಟ್ಟಿದ್ದು ನೀನೇನಾ? ಯಾಕೆ ವಾಪಸ್ ತಗಂತಿದೀಯಾ, ಬಾಯಿ ಬಿಟ್ಟು ಹೇಳು."

ಅವನು ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಹೇಳಿಬಿಟ್ಟರೆ ಮುರಿದದ್ದು ನಿಜವಾಗುತ್ತದೆ ಅನ್ನುವ ಭಯ ಅವನಿಗೂ ಇತ್ತು. ಮೂವರಲ್ಲಿ ಅವನೊಬ್ಬನೇನೂ ಬೇರೆ ಶಾಲೆಯಲ್ಲಿ ಓದಿರಲಿಲ್ಲವಲ್ಲ. ಆಗ ಹುಡುಗಿ ಮುಂದೆ ಬಂದು, ಕೇಳಿದವರಿಗೆಲ್ಲ ಹೇಳುವ ಅದೇ ಧ್ವನಿಯಲ್ಲಿ, "ಅಪ್ಪ ಕುಡಿಯಲ್ಲ ಸ್ವಾಮಿ" ಅಂದಳು.

"ನಿನ್ನ ಕೇಳ್ಲಿಲ್ಲ ಕಣಮ್ಮ" ಅಂದರು ಪೂಜಾರಿಗಳು, ಮೆತ್ತಗೆ.

ಆ ಮಾತಿಗೆ ಅವನ ಕಟ್ಟೆ ಒಡೆಯಿತು. "ಕುಡಿದಿವ್ನಿ ಸ್ವಾಮಿ. ಆಣೆ ಇಟ್ಟ ಮ್ಯಾಲೂ ಕುಡಿದಿವ್ನಿ. ತಪ್ಪಾತು. ಏನ್ ಆಗಾದಿದ್ರೂ ನಂಗೆ ಆಗ್ಲಿ, ಇವ್ಳುನ್ನ ಬುಟ್ಬುಡಿ." ಗೋಡೆಗೆ ಹಣೆ ಕೊಟ್ಟು ಅತ್ತ. ಪೂಜಾರಿಗಳು ತೀರ್ಥ ಕೊಟ್ಟರು. ಅವನು ಅದನ್ನು ಮಗಳ ನೆತ್ತಿಗೆ ಹಾಕಿದ. ನೀರು ಅವಳ ಕಿವಿಯ ಪಕ್ಕದಲ್ಲಿ ಇಳಿದು ಯೂನಿಫಾರ್ಮ್ ನೆನೆಯಿತು. "ಹೋಯ್ತಾ?" ಅಂತ ಕೇಳಿದಳು. "ಹೋಯ್ತು, ನಿನ್ ಮೇಲೆ ಈಗ ಏನೂ ಇಲ್ಲ" ಅಂದರು ಪೂಜಾರಿಗಳು.

ಕೆಳಗೆ ಇಳಿದ ಮೇಲೆ ಆಟೋ ಕಾಯುವಾಗ ಹುಡುಗಿ ತಾಯಿಯ ಮುಂದೆ ಬೆನ್ನು ಹಾಕಿ ಕೂತು, ಜಡೆ ಹಾಕು ಅಂದಳು. ಎಷ್ಟೋ ದಿನದ ಸಿಕ್ಕು, ತಾಯಿ ಎಳೆದೆಳೆದು ಬಿಡಿಸಿದಳು. ಹುಡುಗಿ ನೋಯುತ್ತದೆ ಅಂತ ಕೂಗಾಡಿದಳು, ಬರೀ ಬಾಚಣಿಗೆಯ ನೋವಿಗೆ. ಆಮೇಲೆ ಒಂದು ತಟ್ಟೆ ಚಿತ್ರಾನ್ನ ಪೂರ್ತಿ ತಿಂದು, ಅಪ್ಪನ ತಟ್ಟೆಗೂ ಕೈ ಹಾಕಿದಳು. ಅವನು ನಕ್ಕ. ನನಗೆ ಆ ಹೊತ್ತಿನಲ್ಲಿ ಗೆದ್ದೆ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

ವಾರ್ಡಿಗೆ ಸೇರಿಸುವ ದಿನ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ತುಮಕೂರಿನ ಬಸ್ಸುಗಳು ಒಂದಾದ ಮೇಲೊಂದು ಹೋದವು. ಅವನು ಬರಲಿಲ್ಲ. ಊರಿಗೆ ಹೋದರೆ ಹೊಸ ಬಾಗಿಲಿನ ಪಕ್ಕದಲ್ಲಿ ಅವನು ಬಿದ್ದಿದ್ದ, ಹಗಲು ಹೊತ್ತಿನಲ್ಲೇ, ನಾಲ್ಕು ಜನ ಓಡಾಡುವ ಕಡೆ. ತಲೆಯಡಿ ತೋಳು ಕೊಟ್ಟುಕೊಂಡು, ಎಲ್ಲ ಭಾರ ಇಳಿದವನ ಹಾಗೆ ನಿದ್ದೆ ಮಾಡುತ್ತಿದ್ದ. ಹೆಂಡತಿ ಹೊಸ್ತಿಲ ಮೇಲೆ ಕೂತಿದ್ದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ.

"ಬಿಚ್ಚಿ ಬುಟ್ರಲ್ಲ ಮೇಡಂ" ಅಂದಳು, ಅಷ್ಟೇ.

ಆಮೇಲೆ ನಾನು ಮಾಡದ ಪ್ರಯತ್ನವಿಲ್ಲ. ಎರಡು ಸಲ ವಾರ್ಡಿನಲ್ಲಿ ಹಾಸಿಗೆ ಗೊತ್ತು ಮಾಡಿದೆ, ಎರಡು ಸಲವೂ ತಪ್ಪಿಸಿಕೊಂಡ. ಹೊಡೆತ ಮತ್ತೆ ಶುರುವಾಯಿತು. ಒಂದು ದಿನ ಪಾವಗಡದ ಸೋಲಾರ್ ಕೆಲಸಕ್ಕೆ ಅಂತ ಹೋದವನು ವಾಪಸ್ಸು ಬರಲಿಲ್ಲ. ಫೋನ್ ಸ್ವಿಚ್ ಆಫ್. ನಾನು ಪಾವಗಡಕ್ಕೆ ಹೋಗಿ ಕೂಲಿಯವರು ಸೇರುವ ಟೀ ಅಂಗಡಿಗಳಲ್ಲಿ ಫೋಟೋ ತೋರಿಸಿ ವಿಚಾರಿಸಿದೆ. ಒಬ್ಬ ಮುದುಕ ಗುರುತು ಹಿಡಿದ. "ಆಯನಾ? ಇಲ್ಲಿದ್ದ ಸ್ವಲ್ಪ ದಿವ್ಸ. ಬಾರ್ಡರ್ ದಾಟಿ ಆಂಧ್ರಕ್ಕೆ ಹೋದ. ಮಂಚಿ ಮನಿಷಿ, ಏನ್ ಮಾಡೋದು" ಅಂದ. ಒಳ್ಳೆಯ ಮನುಷ್ಯ ಅನ್ನುವುದು ನನಗೂ ಗೊತ್ತಿತ್ತು. ಅದರಿಂದ ಯಾರಿಗೆ ಏನು ಉಪಯೋಗವಾಯಿತೋ.

ಈಗ ಶಿಬಿರಗಳಲ್ಲಿ ಯಾರಾದರೂ ಮಗುವಿನ ತಲೆ ಕಡೆ ಕೈ ಚಾಚಿದರೆ ಅಡ್ಡ ಹೋಗಿ ನಿಲ್ಲುತ್ತೇನೆ. ಹೆಂಗಸರು ನನಗೆ ಶಾಪ ಹಾಕುತ್ತಾರೆ, ಹಾಕಿಕೊಳ್ಳಲಿ. ಮಕ್ಕಳಿಗೆ ಬಿಸ್ಕತ್ತು ಕೊಡಿಸುವುದನ್ನು ಬಿಟ್ಟಿಲ್ಲ, ಅಪ್ಪನ ವಿಷಯ ಕೇಳುವುದನ್ನು ಬಿಟ್ಟಿದ್ದೇನೆ. ಬೆಟ್ಟ ಮೊದಲು ಅಂದದ್ದು ತಪ್ಪೋ ಸರಿಯೋ ಅಂತ ಡಾಕ್ಟರನ್ನು ಒಮ್ಮೆ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮಗು ಬದುಕಿದೆಯಲ್ಲ ಅಂದರು. ಹೌದು, ಬದುಕಿದೆ. ತಾಯಿ ಈಗಲೂ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾಳೆ.

ಹುಡುಗಿಯನ್ನು ಕೊರಟಗೆರೆ ಕಡೆಯ ಹಾಸ್ಟೆಲ್ಲಿಗೆ ಸೇರಿಸಿದೆವು. ಮೊನ್ನೆ ನೋಡಲು ಹೋಗಿದ್ದೆ. ಎತ್ತರ ಆಗಿದ್ದಾಳೆ. ಎರಡು ಜಡೆ, ಕೆಂಪು ಟೇಪು. ಅಂಗಳದಲ್ಲಿ ಗೆಳತಿಯರ ಜೊತೆ ಕುಂಟೆಬಿಲ್ಲೆ ಆಡುತ್ತಾ ಜಗಳವಾಡುತ್ತಿದ್ದಳು, ಔಟ್ ಅಲ್ಲ ಅಂತ. ಆ ಜಗಳ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ತಲೆ ನೋಯುತ್ತಾ ಅಂದೆ, ಇಲ್ಲ ಅಂದಳು. ಊಟ ಚೆನ್ನಾಗಿದೆಯಾ ಅಂದೆ, 'ಸಾರು ನೀರು' ಅಂದಳು. ಹೊರಡುವಾಗ ಗೇಟಿನವರೆಗೆ ಬಂದಳು. ಗೆಳತಿಯರು ದೂರ ಇದ್ದಾರಾ ಅಂತ ಹಿಂದೆ ತಿರುಗಿ ನೋಡಿಕೊಂಡು, ಧ್ವನಿ ಇಳಿಸಿದಳು.

"ಮೇಡಂ, ಅಪ್ಪ ಸಿಕ್ಕಿದ್ರೆ ನನ್ ತಲೆ ಮ್ಯಾಲೆ ಇನ್ನೊಂದ್ ಸಲ ಆಣೆ ಇಡುಸ್ತೀರಾ? ಈ ಸಲ ಎಷ್ಟು ನೋವು ಬಂದ್ರೂ ಯಾರ್ಗೂ ಹೇಳಲ್ಲ."